ಏಕಪಾದ ಮೀಮಾಂಸೆ, ಅಥವಾ ಕಲಿಯುಗದಲ್ಲಿ ಮೊನೊಪಾಡ್ ವಿಚಾರ

ಕೃತಯುಗದಲ್ಲಿ ಧರ್ಮ ನಾಲ್ಕು ಕಾಲಿನ ಮೇಲೆ ನಿಂತಿತ್ತು, ತ್ರೇತೆಯಲ್ಲಿ ಮೂರು, ದ್ವಾಪರದಲ್ಲಿ ಎರಡು, ಈಗ ಒಂದೇ ಎಂಬುದು ಪುರಾಣಪ್ರಸಿದ್ಧ. ಇದರಿಂದ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ತ್ರೇತಾಯುಗದ್ದೆಂದೂ ಒಂಟಿಕೋಲಿನ ಮೊನೊಪಾಡ್ ಕಲಿಯುಗಕ್ಕೆ ವಿಹಿತವಾದ ಸಾಧನವೆಂದೂ ನಿಸ್ಸಂಶಯವಾಗಿ ಸಿದ್ಧವಾಗುತ್ತದೆ. ಕೃತಯುಗದ ನಾಲ್ಕು ಕಾಲಿನ ಸ್ಟ್ಯಾಂಡು ಯಾವ ಉತ್ಖನನದಲ್ಲೂ ಸಿಗದಿರುವುದು ಅಗೆಯುವವರ ಸೋಮಾರಿತನವೇ ಹೊರತು ಸಿದ್ಧಾಂತದ ದೋಷವಲ್ಲ. ದ್ವಾಪರದ ಎರಡು ಕಾಲು ಎಲ್ಲಿ ಹೋದವೆಂಬುದನ್ನು ಈಗಲೇ ವಿಚಾರಿಸೋಣ.

ಪೂರ್ವಪಕ್ಷಿ ಹೇಳುತ್ತಾನೆ: ಕೈಬಿಟ್ಟರೆ ಬೀಳುವ ಕೋಲಿಗೆ ಸಾವಿರಾರು ರೂಪಾಯಿ ಏಕೆ? ಅಜ್ಜನ ಊರುಗೋಲು ಮೂಲೆಯಲ್ಲೇ ಇದೆಯಲ್ಲ?

ಸಮಾಧಾನ: ಬೀಳುವುದು ನಿಜ. ಆದರೆ ಅದು ಒಂಟಿಕಾಲಿನದೆಂದು ಹೇಳಿದವರು ಯಾರು? ಕೋಲಿನ ತುದಿಯನ್ನು ತುಸು ಮುಂದಕ್ಕೆ ಊರಿ, ಕಾಲು ಅಗಲಿಸಿ, ಮೈಯನ್ನು ಅದರತ್ತ ಕೊಂಚ ವಾಲಿಸಿ, ಮೊಣಕೈ ಪಕ್ಕೆಗೊತ್ತಿ, ಹುಬ್ಬನ್ನು ವ್ಯೂಫೈಂಡರಿಗೆ ಆನಿಸಿ ನಿಂತಾಗ ಉಳಿದೆರಡು ಕಾಲು ಛಾಯಾಗ್ರಾಹಕನವೇ ಆಗಿರುತ್ತವೆ. ಅಂಗಡಿಯವನು ಮಾರುವುದು ಮೂರರಲ್ಲೊಂದು ಪಾಲು. ಮಿಕ್ಕಿದ್ದಕ್ಕೆ ವಾರಂಟಿ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ಪರೀಕ್ಷಿಸಬೇಕಾದದ್ದು ಮಂಡಿ. ಆಮೇಲೆ ಕೋಲು: ಅದನ್ನು ಪೂರ್ತಿ ಎಳೆದಾಗ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲೇಬೇಕು. ಬರದಿದ್ದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಸ್ವಂತ ಕಾಲೆರಡೂ ನಡುಗುತ್ತವೆ. ಒಂದು ಗೇಣು ಹೆಚ್ಚೇ ಇರಲಿ. ಇಳಿಜಾರಿನಲ್ಲಿ ನಿಂತಾಗ ಅದರ ತುದಿ ನಮ್ಮ ಪಾದಕ್ಕಿಂತ ಕೆಳಗಿಳಿಯುತ್ತದೆ.

ಕೊಳವೆಗಳ ಸಂಖ್ಯೆಯಲ್ಲಿ ಮತಭೇದವುಂಟು. ಐದು ತುಂಡಿನದು ಬ್ಯಾಗಿನೊಳಗೆ ಅಡಗುತ್ತದೆ, ಆದರೆ ಅದರ ಕೊನೆಯ ಕೊಳವೆ ಬೆರಳಿನಷ್ಟು ಸಪೂರ. ಇಡೀ ಭಾರ ನಿಲ್ಲುವುದು ಅದರ ಮೇಲೆಯೇ. ಮೂರು ತುಂಡಿನದು ಗಟ್ಟಿ, ಆದರೆ ಬಸ್ಸಿನಲ್ಲಿ ಸಹಪ್ರಯಾಣಿಕರ ಮಂಡಿಗೆ ಬಡಿಯುತ್ತದೆ. ಮಧ್ಯಮಮಾರ್ಗಿಗಳು ನಾಲ್ಕನ್ನು ಹಿಡಿಯುತ್ತಾರೆ. ಅಲ್ಯೂಮಿನಿಯಮ್ಮೋ ಕಾರ್ಬನ್ನೋ ಎಂಬುದು ಶಾಸ್ತ್ರಕ್ಕಿಂತ ಜೇಬಿಗೆ ಸೇರಿದ ಪ್ರಶ್ನೆ.

ಬಿಗಿಯುವ ಬಗೆಯಲ್ಲಿ ಎರಡು ಪಂಥ. ಲಿವರ್ ಪಂಥದವರು ಟಪ್ ಟಪ್ ಎಂದು ಕ್ಷಣದಲ್ಲಿ ಬಿಚ್ಚುತ್ತಾರೆ, ಬೆರಳಿನ ಚರ್ಮವನ್ನು ಆಗಾಗ ಅದರ ಸಂದಿಗೆ ಅರ್ಪಿಸುತ್ತಾರೆ. ತಿರುಪು ಪಂಥದವರಿಗೆ ಚರ್ಮ ಉಳಿಯುತ್ತದೆ, ದೃಶ್ಯ ತಪ್ಪುತ್ತದೆ. ಕರಾವಳಿಯ ಕಂಬಳದಲ್ಲಿ ಈ ಜಿಜ್ಞಾಸೆ ಪರಾಕಾಷ್ಠೆ ಮುಟ್ಟುತ್ತದೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ಕಾದು ನಿಂತವನ ಮೇಲೆ ಕೋಣಗಳು ಎರಚುವ ಕೆಸರುನೀರು ಒಣಗಿದ ಮೇಲೆ, ಒಳಗಿಳಿದ ಮರಳು ತಿರುಪಿನಲ್ಲಿ ಕರಕರ ಎನ್ನತೊಡಗುತ್ತದೆ. ಮನೆಗೆ ಬಂದು ಬಿಚ್ಚಿ ತೊಳೆಯದವನಿಗೆ ಮುಂದಿನ ಕಂಬಳಕ್ಕೆ ಅದು ಬಿಚ್ಚಿಕೊಳ್ಳದು. ಕೋಣಗಳು ಓಡುವ ಇದೇ ಕರೆಯ ಪಕ್ಕದಲ್ಲಿ ಇನ್ನೊಂದು ಭ್ರಮೆಯೂ ಹರಿಯುತ್ತದೆ. 400 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದರೆ ಶಟರ್ ಕನಿಷ್ಠ 1/400 ಸೆಕೆಂಡ್ ಇರಬೇಕೆಂಬುದು ವಾಡಿಕೆಯ ಲೆಕ್ಕ. ಮೊನೊಪಾಡ್ ಇದ್ದರೆ 1/100ಕ್ಕೂ ಇಳಿಯಬಹುದು. ಆದರೆ 1/100ರಲ್ಲಿ ಕ್ಯಾಮೆರಾ ನಿಂತರೂ ಕೋಣ ನಿಲ್ಲುವುದಿಲ್ಲ. ಅದಕ್ಕೆ 1/1000 ಬೇಕೇಬೇಕು, ಅಷ್ಟರಲ್ಲಿ ಕೈನಡುಕದ ಪ್ರಶ್ನೆಯೇ ಬಹುಮಟ್ಟಿಗೆ ತೀರಿಹೋಗಿರುತ್ತದೆ. ಹಾಗಾದರೆ ಕೋಲೇಕೆ? ಭುಜಕ್ಕಾಗಿ. ಕ್ಯಾನನ್ನಿನ 400 ಎಫ್/2.8ರ ಮೂರನೆಯ ಅವತಾರವೇ 2,840 ಗ್ರಾಂ ತೂಗುತ್ತದೆ, ಮತ್ತು ಕಂಬಳ ರಾತ್ರಿಯೆಲ್ಲ ನಡೆಯುತ್ತದೆ. ಅಂಥ ಲೆನ್ಸಿದ್ದಾಗ ಕೋಲನ್ನು ಕ್ಯಾಮೆರಾಕ್ಕಲ್ಲ, ಲೆನ್ಸಿನ ಕಾಲರಿಗೆ ಬಿಗಿಯತಕ್ಕದ್ದು. ಅಡ್ಡ ಚಿತ್ರ ಉದ್ದವಾಗಬೇಕಾದರೆ ಕಾಲರನ್ನು ಸಡಿಲಿಸಿ ತಿರುಗಿಸಿದರಾಯಿತು. ಕೋಲಿನ ಮೇಲೆ ಬಾಲ್ ಹೆಡ್ ಹಾಕುವವರು ಅತ್ತಿತ್ತ ವಾಲುವ ಕೋಲಿಗೆ ಅತ್ತಿತ್ತ ವಾಲುವ ತಲೆಯನ್ನೂ ದಯಪಾಲಿಸುತ್ತಾರೆ. ಹಿಂದೆ ಮುಂದೆ ಬಾಗುವ ಸಾದಾ ಟಿಲ್ಟ್ ಹೆಡ್ ಧಾರಾಳ ಸಾಕು.

ವಿಡಿಯೊದವರಿಗೆ ಮಾತ್ರ ಶಟರಿನ ಹಿಂದೆ ಅಡಗಿಕೊಳ್ಳಲು ಬರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಅಲುಗಿದ್ದೆಲ್ಲ ಅಲುಗಿದಂತೆಯೇ ದಾಖಲು. ಮಾಂಗಲ್ಯಧಾರಣೆಯ ಹೊತ್ತಿಗೆ ವಧುವಿನ ಸೋದರಮಾವ ಮೊಬೈಲ್ ಎತ್ತಿ ಅಡ್ಡ ನಿಂತಾಗ ಟ್ರೈಪಾಡಿನವನು ಮಾವನ ಬೆನ್ನನ್ನು ಸ್ಥಿರವಾಗಿ ಚಿತ್ರಿಸುತ್ತಾನೆ. ಮೊನೊಪಾಡಿನವನು ಕೋಲು ಮಡಿಸಿ, ಕ್ಯಾಮೆರಾವನ್ನು ಎಲ್ಲರ ತಲೆಯ ಮೇಲೆತ್ತಿ ಹಿಡಿದು, ಅಕ್ಷತೆಯ ಮಳೆಯಲ್ಲೇ ಕೆಲಸ ಮುಗಿಸುತ್ತಾನೆ. ಇಂಥವರಿಗಾಗಿಯೇ ಕೋಲಿನ ಬುಡದಲ್ಲಿ ಮೂರು ಪುಟ್ಟ ಕಾಲ್ಬೆರಳು, ಅವುಗಳ ನಡುವೆ ನಯವಾಗಿ ತಿರುಗುವ ಕೀಲು ಇರುವ ಜಾತಿಯೊಂದು ಹುಟ್ಟಿದೆ. ಒಂದೇ, ಆದರೆ ಮೂರರಿಂದ ವಿಶಿಷ್ಟವಾದದ್ದು. ಇದನ್ನು ವಿಶಿಷ್ಟಾದ್ವೈತವೆಂದು ವರ್ಗೀಕರಿಸಬಹುದು. ಬೆರಳುಗಳ ಭಕ್ತಿಯಲ್ಲಿ ಕೈಬಿಟ್ಟು ಊಟಕ್ಕೆ ಹೋದವರ ಕ್ಯಾಮೆರಾಗಳು ಮೊದಲ ಫ್ಯಾನಿನ ಗಾಳಿಗೇ ಸಾಷ್ಟಾಂಗವೆರಗುತ್ತವೆ.

ಕೊನೆಯದಾಗಿ ಕಾನೂನು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಈ ಮೀಮಾಂಸೆಯನ್ನು ಓದಿಕೊಂಡ ವಿದ್ವಾಂಸನೊಬ್ಬ ಅಂಥದೊಂದು ಗುಡಿಯ ಬಾಗಿಲಲ್ಲಿ ಕೋಲನ್ನು ಮುಂದೆ ಹಿಡಿದು, “ನೋಡಿ ಸ್ವಾಮಿ, ಒಂದೇ ಕಾಲು” ಎಂದು ವಾದಿಸಿದನೆನ್ನಿ. ಕಾವಲುಗಾರ ಕುರ್ಚಿಯಿಂದೇಳದೆ ಕೋಲನ್ನು ನೋಡಿ, ಇವನ ಪ್ಯಾಂಟನ್ನೂ ನೋಡಿ ಕೇಳುತ್ತಾನೆ: “ನಿಮ್ಮವೆರಡು ಸೇರಿದ್ರೆ ಎಷ್ಟಾಯ್ತು ಸಾರ್?”