ಕೈಗೆಟಕುವ ಮನೆ

ನಿಂಗಣ್ಣ: ಮೇಷ್ಟ್ರೇ, ‘ಕೈಗೆಟಕುವ ಮನೆ’ ಅಂದ್ರೇನು?

ಮೇಷ್ಟ್ರು: ಬೆಂಗಳೂರಲ್ಲಾದ್ರೆ 45 ಲಕ್ಷ ದಾಟದ, 60 ಚದರ ಮೀಟರ್ ಮೀರದ, ಇನ್ನೂ ಕಟ್ಟುತ್ತಿರೋ ಫ್ಲಾಟು. 2019ರಿಂದ ಅದಕ್ಕೆ ಜಿಎಸ್‌ಟಿ ಶೇ 1. ಉಳಿದವಕ್ಕೆ ಶೇ 5. ಆ ಬೆಲೆಗೆ ಮನೆ ಎಲ್ಲಿದೆ ಅಂತ ಮಾತ್ರ ಕೇಳ್ಬೇಡ.

ನಿಂಗಣ್ಣ: ಸರಿ, ತೆರಿಗೆಯಾದ್ರೂ ಕೈಗೆಟಕ್ತು! ಚಿಕ್ಕದಾಗಿ ಕಟ್ಟಿದ್ರೆ ಅಗ್ಗ ಆಗಲ್ವಾ?

ಮೇಷ್ಟ್ರು: ಕಾರಿಗೆ ಜಾಗ ಬಿಡದಿದ್ರೆ ನಕ್ಷೆ ಮಂಜೂರಾಗಲ್ಲಪ್ಪ. ಬಿಡದಿದ್ರೆ ಬೀದಿಯೆಲ್ಲ ಕಾರು ಅಂತಾರೆ, ಅದೂ ನಿಜವೇ. ಆದ್ರೆ ಕಾರಿಲ್ಲದವನೂ ಆ ಜಾಗದ ದುಡ್ಡು ತೆರಬೇಕಲ್ಲ!

ನಿಂಗಣ್ಣ: ಹಂಗಾದ್ರೆ ನಾನು ಪಾರ್ಕಿಂಗಲ್ಲೇ ಸಂಸಾರ ಹೂಡ್ತೀನಿ. ಎದುರಿನ ಖಾಲಿ ಸೈಟು?

ಮೇಷ್ಟ್ರು: ಅದಕ್ಕೆ ಕಟ್ಟಿದ ಮನೆಗಿಂತ ಆಸ್ತಿ ತೆರಿಗೆ ಕಡಿಮೆ. ಬೆಲೆ ಏರಲಿ ಅಂತ ಮಲಗಿದೆ.

ನಿಂಗಣ್ಣ: ಪುಣ್ಯವಂತ ಸೈಟು! ಮಲಗೋಕೆ ಅದಕ್ಕಾದ್ರೂ ಜಾಗ ಇದೆ.