ಪುಟ 212 ನೋಡು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರಿನಲ್ಲಿ ಝೆರಾಕ್ಸ್ ಅಂಗಡಿ ಅಂತ ಒಂದಿದ್ದರೆ ಅದರೊಳಗೆ ಒಬ್ಬ ಪುಟದಣ್ಣ ಇದ್ದೇ ಇರುತ್ತಾನೆ. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಕಂಪ್ಯೂಟರ್ ಬಗ್ಗೆ ಏನೇ ಕೇಳಿ, ಅವನ ಕಣ್ಣು ಮೊದಲು ಪರದೆಯತ್ತ ಹೋಗುವುದಿಲ್ಲ, ತಲೆ ಮೇಲಿನ ಹಲಗೆಯತ್ತ ಹೋಗುತ್ತದೆ. "ಇನ್ನೂರ ಹನ್ನೆರಡನೇ ಪುಟದಾಗೆ ಐತೆ ಕಣಪ್ಪ, ತಡಿ." ಪಹಣಿ ಪ್ರಿಂಟಿಗೆ ಬಂದವರು ತಡೆಯುತ್ತಾರೆ. ಬೇರೆ ದಾರಿಯಿಲ್ಲ, ಅಂಗಡಿ ಒಂದೇ.

ಹಲಗೆ ಮೇಲೆ ಡಾಸ್, ವರ್ಡ್‌ಸ್ಟಾರ್, ಪೇಜ್‌ಮೇಕರ್, ಟ್ಯಾಲಿ ಸಾಲಾಗಿ ಕೂತಿವೆ. ಎಲ್ಲವೂ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಚೌಕಾಸಿ ಮಾಡಿ ಎತ್ತಿಕೊಂಡು ಬಂದವು. ಪೇಜ್‌ಮೇಕರ್ ಪುಸ್ತಕಕ್ಕೆ ದುಡ್ಡು ಕೊಟ್ಟಿದ್ದಾನೆ. ಪೇಜ್‌ಮೇಕರ್‌ಗೆ ಕೊಟ್ಟಿಲ್ಲ, ಅದು ಯಾರದೋ ಸಿಡಿಯಲ್ಲಿ ಬಂತು. ಕೆಣಕಿದರೆ, "ವಿದ್ಯೆಗೆ ಕಾಸು ಕೊಟ್ಟಿಲ್ವಾ? ಅಷ್ಟು ಸಾಕು ಬಿಡು" ಅನ್ನುತ್ತಾನೆ.

ಕರೆಂಟ್ ಹೋದರೂ ಪುಸ್ತಕ ಓದಬಹುದು ಎನ್ನುವುದು ಅವನ ಬ್ರಹ್ಮಾಸ್ತ್ರ. "ಕರೆಂಟ್ ಹೋದ್ರೆ ಕಂಪ್ಯೂಟ್ರೂ ಹೋತದಲ್ಲಣ್ಣ, ಓದಿ ಏನ್ ಮಾಡ್ತೀಯ?" ಎಂದು ಈರುಳ್ಳಿ ಬೆಳೆಯುವ ಹುಡುಗನೊಬ್ಬ ಕೇಳಿದ. "ಅದಕ್ಕೇ ಓದಾಕೆ ಪುರುಸೊತ್ತು ಸಿಗೋದು" ಅಂತ ಉತ್ತರ ಬಂತು.

ನಗಬೇಡಿ, ಅವನ ಪಕ್ಷದಲ್ಲೂ ನ್ಯಾಯವಿದೆ. ವಿಂಡೋಸ್‌ನ ಹಳೇ ತಂತ್ರಾಂಶಗಳಲ್ಲಿ ಎಫ್-ಒನ್ ಒತ್ತಿದರೆ ಎಚ್‌ಎಲ್‌ಪಿ ಎಂಬ ಸಹಾಯ ಕಡತ ತೆರೆಯುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ, ಆ ಕಡತ ಓದಿಸುವ ಪುಟ್ಟ ಪ್ರೋಗ್ರಾಮನ್ನೇ ಅದರಲ್ಲಿ ಕೊಡಲಿಲ್ಲ. ಕಡತ ಅಲ್ಲೇ ಇದೆ, ತೆರೆಯುವವರಿಲ್ಲ. "ನನ್ ಡಾಸ್ ಪುಸ್ತಕ ಇವತ್ತೂ ತೆರೀತದೆ ನೋಡು" ಎಂದು ಅವನು ತೆರೆದು ತೋರಿಸುತ್ತಾನೆ. ತೆರೆಯುತ್ತದೆ, ಸುಳ್ಳಲ್ಲ. ಡಾಸ್ ಇರುವ ಕಂಪ್ಯೂಟರ್ ಮಾತ್ರ ಅಂಗಡಿಯಲ್ಲಿಲ್ಲ.

ಅವನಿಗೆ ನಿಜವಾದ ಸಂಕಟ ತಂದಿದ್ದು ಕನ್ನಡ. ಶೇಷಾದ್ರಿ ವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಬಿಟ್ಟಿ ಸಿಕ್ಕಿತು, ಜನ ಕೈಯಿಂದ ಕೈಗೆ ದಾಟಿಸಿದರು. ತಂತ್ರಾಂಶದ ಡಬ್ಬಿಯೇ ಇಲ್ಲ ಅಂದಮೇಲೆ ಡಬ್ಬಿಯೊಳಗಿನ ಪುಸ್ತಕ ಎಲ್ಲಿಂದ ಬರಬೇಕು? ಸಹಾಯ ಪರದೆಯ ಮೇಲಿತ್ತು, ಆದರೆ ಅದಕ್ಕೆ ಹಿಡಿದು ಮಡಚಲು ಮೂಲೆ ಇರಲಿಲ್ಲ. ಪುಟದಣ್ಣ ಸೋಲಲಿಲ್ಲ. ನೂರು ಪುಟದ ನೋಟ್‌ಬುಕ್ಕಿಗೆ ರೆಕ್ಸಿನ್ ರಟ್ಟು ಹಾಕಿಸಿ, ತಾನೇ ಕೈಪಿಡಿ ಬರೆಯಲು ಕೂತ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್. ಕ್ಷ ಬೇಕಾದರೆ ಕೆ, ಎಫ್, ಎಕ್ಸ್. ಮೊದಲ ಪುಟದಲ್ಲಿ ಅರಿಶಿನ ಕುಂಕುಮ, ಎರಡನೆಯದರಲ್ಲಿ ಪರಿವಿಡಿ. ಸುತ್ತಲ ಊರುಗಳ ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡುಗಳೆಲ್ಲ ಆ ನೋಟ್‌ಬುಕ್ಕಿನ ಕೃಪೆ. ಹಳೇ ಪಂಚಾಂಗದ ಹಾಗೆ ಅಂಚು ಕಪ್ಪಾಗಿದೆ. ಯಾರಿಗೂ ಎರವಲು ಕೊಡುವುದಿಲ್ಲ. ನನ್ನ ಪ್ರಕಾರ ಆ ಅಂಗಡಿಯಲ್ಲಿ ಬೆಲೆ ಬಾಳುವ ಪುಸ್ತಕ ಅದೊಂದೇ.

ಪಿಡಿಎಫ್ ಅವನಿಗೆ ಪುಸ್ತಕವಲ್ಲ, ಪುಸ್ತಕದ ಹಸಿ ಸಾಮಾನು. ಒಂದು ಸರ್ಕಾರಿ ಪೋರ್ಟಲ್‌ನ ಬಳಕೆದಾರರ ಕೈಪಿಡಿಯನ್ನು ಇಡೀ ಒಂದು ರಿಮ್ ಹಾಳೆಯಲ್ಲಿ ಪ್ರಿಂಟ್ ಹೊಡೆದು, ಹಿರಿಯೂರಿಗೆ ಹೋಗಿ ಸ್ಪೈರಲ್ ಹಾಕಿಸಿಕೊಂಡು ಬಂದ. ಬರುವಷ್ಟರಲ್ಲಿ ಪೋರ್ಟಲ್ ಹೊಸ ರೂಪ ತಾಳಿತ್ತು. ಕೈಪಿಡಿಯಲ್ಲಿ ಬಲಗಡೆ ಇದ್ದ ನೀಲಿ ಬಟನ್ ಪರದೆಯಲ್ಲಿ ಎಲ್ಲೂ ಇಲ್ಲ. ಇನ್ನೊಬ್ಬನಾಗಿದ್ದರೆ ಕೈಪಿಡಿಯನ್ನು ಕಡ್ಲೆಕಾಯಿ ಪೊಟ್ಟಣಕ್ಕೆ ಕೊಡುತ್ತಿದ್ದ. ಇವನು ಪರದೆಯನ್ನೇ ಗದರಿದ: "ಪುಸ್ತಕದಾಗೆ ಇರೋದು ನಿನ್ತಾವ ಯಾಕಿಲ್ಲ?"

ಇಂಥವನ ಮನೆಯಲ್ಲೇ ವೈರಿ ಹುಟ್ಟಿದ್ದಾನೆ, ಅಕ್ಕನ ಮಗ. ಅವನಿಗೆ ಏನು ಬೇಕಾದರೂ ಯೂಟ್ಯೂಬ್. ಒಂದು ಸಾಲಿನ ಉತ್ತರಕ್ಕೆ ಹನ್ನೆರಡು ನಿಮಿಷದ ಹಿಂದಿ ವಿಡಿಯೋ. ಅದರಲ್ಲಿ ಮೊದಲ ಎರಡು ನಿಮಿಷ ನಮಸ್ಕಾರ, ಕೊನೆಯ ಎರಡು ನಿಮಿಷ ಬೆಲ್ ಒತ್ತಿ ಎಂಬ ಬೇಡಿಕೆ, ನಡುವೆ ನೆಟ್‌ವರ್ಕ್ ಸುತ್ತುವ ಚಕ್ರ. ಚಕ್ರ ಸುತ್ತುತ್ತಿರುವಾಗ ಪುಟದಣ್ಣ ಪುಟ ತೆಗೆದಿರುತ್ತಾನೆ. ಆದರೆ ಪುಟದಲ್ಲಿರುವುದು ಹಳೇ ಮೆನು. ಇಬ್ಬರೂ ಬೆವರುತ್ತಿರುವಾಗ ಗಿರಾಕಿಯೇ ಬೆರಳು ಚಾಚಿ, "ಅಲ್ಲಿ ಮ್ಯಾಕೆ ಪ್ರಿಂಟ್ ಅಂತ ಐತಲ್ಲ ಸಾಮಿ, ಅದನ್ನ ಒತ್ತಿ" ಎಂದದ್ದೂ ಉಂಟು.

ಮೊನ್ನೆ ಆ ಹುಡುಗ ನುಡಿ ನೋಟ್‌ಬುಕ್ಕನ್ನು ವಿಡಿಯೋ ಮಾಡಿ ಹಾಕುತ್ತೇನೆಂದು ಮೊಬೈಲ್ ಹಿಡಿದು ನಿಂತ. ಪುಟದಣ್ಣ ಬೈಯುತ್ತಾನೆಂದು ನಾವೆಲ್ಲ ಕಾದೆವು. ಅವನು ಎದ್ದು ಹೋಗಿ ಮುಖ ತೊಳೆದು ಬಂದ. ನೋಟ್‌ಬುಕ್ಕನ್ನು ಟವೆಲ್ಲಿನಿಂದ ಒರೆಸಿ ಬಿಚ್ಚಿ ಹಿಡಿದ.

"ಎಲ್ಲಾ ಸರಿ ಕಣ್ಲಾ, ಕೆಳಗಿನ ನಂಬ್ರ ಕಾಣಂಗೆ ಹಿಡ್ಕೊ. ನೋಡೋರು ಯಾವ ಪುಟ ಅಂತ ಕೇಳಾಕಿಲ್ವಾ?"