ವೈಯಕ್ತಿಕ ಕಾರಣ ಮಹಾತ್ಮೆ

ಆಸ್ಪತ್ರೆಯ ಸಿಬ್ಬಂದಿ ಹಣ್ಣುಗಾಯಿ ನೀರುಗಾಯಿ ಆಗುವುದೇಕೆ ಎಂಬ ಕಗ್ಗಂಟನ್ನು ಒಂದೇ ಮಧ್ಯಾಹ್ನದ ಒತ್ತಡ ನಿವಾರಣೆಯ ಶಿಬಿರದಲ್ಲಿ, ತಲೆಗೊಂದು ಚಹಾ ಎರಡು ಬಿಸ್ಕತ್ತಿನ ಖರ್ಚಿನಲ್ಲಿ ಬಿಡಿಸಿಟ್ಟ ಮೇಲಧಿಕಾರಿಗಳ ಪ್ರಜ್ಞೆಯನ್ನು ಕೊಂಡಾಡಲು ಜೇವರ್ಗಿ ಸೀಮೆಯ ನಮಗೆ ನಾಲಗೆ ಸಾಲದು. ಕಾರಣ ವೈಯಕ್ತಿಕ. ನಿದ್ದೆ ಕಡಿಮೆ, ಊಟಕ್ಕೆ ಹೊತ್ತಿಲ್ಲ, ಹವ್ಯಾಸವಿಲ್ಲ, ಮನೋಸ್ಥೈರ್ಯ ಸಾಲದು. ಎಲ್ಲವೂ ಆಯಾ ವ್ಯಕ್ತಿಯ ಸ್ವಯಾರ್ಜಿತ ದೋಷಗಳು. ಖಾಲಿ ಬಿದ್ದ ಹುದ್ದೆಗಳಿಗೂ ಇವಕ್ಕೂ ಎಳ್ಳಷ್ಟೂ ನಂಟಿಲ್ಲವೆಂದು ಕಂಡುಕೊಳ್ಳಲು ಎಂಥ ದಿವ್ಯದೃಷ್ಟಿ ಬೇಕು!

ವಿಶ್ವ ಆರೋಗ್ಯ ಸಂಸ್ಥೆಗೂ ಈ ದೃಷ್ಟಿ ದಕ್ಕಲಿಲ್ಲ. 2019ರಲ್ಲಿ ಒಪ್ಪಿಗೆ ಪಡೆದ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಅದು ಬರ್ನೌಟ್ ಎಂಬ ಈ ಬಸವಳಿಕೆಯನ್ನು ದುಡಿಯುವ ಜಾಗದ ಒತ್ತಡ ಬಹುಕಾಲ ಹಾಗೇ ಉಳಿದದ್ದರ ಫಲವೆಂದು ಬರೆದುಬಿಟ್ಟಿತು. ಜಿನೀವಾದ ತಂಪಿನಲ್ಲಿ ಕೂತವರ ಮಾತು, ಕ್ಷಮಿಸೋಣ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ, ಕರೆಂಟು ಹೋದ ವಾರ್ಡಿನಲ್ಲಿ, ರಟ್ಟಿನ ತುಂಡಿನಿಂದ ಬಾಣಂತಿಗೆ ಗಾಳಿ ಹಾಕುತ್ತ ನಿಂತ ಸಿಸ್ಟರಮ್ಮನಿಗೆ ಬೆವರು ಹರಿಯುವುದು ಆಕೆಯ ಮೈಗುಣದಿಂದಲೇ ಎಂಬ ಸೂಕ್ಷ್ಮ ಅವರಿಗೆ ಹೇಗೆ ತಿಳಿಯಬೇಕು?

ಇಲಾಖೆ ವಿಶ್ರಾಂತಿಯನ್ನೇ ಕೊಡುವುದಿಲ್ಲವೆಂದು ದೂರುವವರು ಮಳೆಗಾಲದ ಒಂದು ರಾತ್ರಿ ಬಂದು ನೋಡಲಿ. ತೊಗರಿ ಹೊಲದಲ್ಲಿ ಹಾವು ಕಡಿಸಿಕೊಂಡವನನ್ನು ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. ಸಿಸ್ಟರು ರಕ್ತ ಎಳೆದು ಒಣ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ ನಿಲ್ಲಿಸಬೇಕು. ಹೆಪ್ಪುಗಟ್ಟಿತೋ ಇಲ್ಲವೋ ನೋಡಲು ಸರಿಯಾಗಿ 20 ನಿಮಿಷ. ಈ 20 ನಿಮಿಷವೇ ವಿಜ್ಞಾನ ಆಕೆಗೆ ದಯಪಾಲಿಸಿದ ಬಿಡುವು. ಒಂದು ಕೈಯಲ್ಲಿ ಸಲೈನ್ ಸರಿಪಡಿಸುತ್ತ, ಇನ್ನೊಂದು ಕೈಯಲ್ಲಿ ಶೇಂಗಾ ಹಿಂಡಿ ಸವರಿದ ಕಟಕ ರೊಟ್ಟಿ ಮುರಿಯುತ್ತ, 'ಏ ಸಿಸ್ಟರ್, ಜಲ್ದಿ ಸೂಜಿ ಮಾಡ್ರಿ, ಡಾಕ್ಟರ್ ಎಲ್ಲಿ ಹ್ವಾದ್ರು' ಎಂಬ ಇಪ್ಪತ್ತು ಜನರ ಸುಮಧುರ ಸಂಗೀತದ ನಡುವೆ ಆಕೆ ಶಿಬಿರದವರು ಕೊಟ್ಟ ಫಾರಂ ತುಂಬುತ್ತಾಳೆ. 'ನಿಮ್ಮ ಹವ್ಯಾಸಗಳೇನು?' ಎಂಬುದರ ಮುಂದಿನ ಗೆರೆ ಮಾತ್ರ ಖಾಲಿ. ರೋಗ ಅಲ್ಲೇ ಸಿಕ್ಕಿತು ನೋಡಿ!

ಡಾಕ್ಟರ್ ಎಲ್ಲಿ? ಬೆಳಿಗ್ಗೆ ಪೋಸ್ಟ್‌ಮಾರ್ಟಂ, ಮಧ್ಯಾಹ್ನ ಕೋರ್ಟಿನ ಸಾಕ್ಷಿ, ಸಂಜೆ ವರದಿ, ರಾತ್ರಿ ಹೆದ್ದಾರಿ ಅಪಘಾತದವರಿಗೆ ಹೊಲಿಗೆ. ನಾಲ್ವರ ಕೆಲಸವನ್ನು ಒಬ್ಬರಿಗೇ ವಹಿಸಿದ ಈ ಅಪಾರ ವಿಶ್ವಾಸಕ್ಕೆ ಕೃತಜ್ಞರಾಗದೆ ಅವರು ಆಕಳಿಸಿದರೆ, ಅದು ಸಂಸ್ಕಾರದ ಕೊರತೆ. ಇನ್ನು ಹಲ್ಲೆಯ ಮಾತು: ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಬಾರದೆಂದು ರಾಜ್ಯವು 2009ರಲ್ಲೇ ಕಾನೂನು ಮಾಡಿ, ಬೋರ್ಡಿಗೆ ಬಣ್ಣವನ್ನೂ ಬಳಿಸಿದೆ. ಆ ಬೋರ್ಡಿನ ಕೆಳಗೇ ಕಾಲರ್ ಹಿಡಿಸಿಕೊಂಡವರು ಮೂಗಿನ ಎಡ ಹೊಳ್ಳೆಯಿಂದ ದೀರ್ಘವಾಗಿ ಉಸಿರೆಳೆದು ಬಲ ಹೊಳ್ಳೆಯಿಂದ ಬಿಡಬೇಕೆಂದು ಶಿಬಿರದಲ್ಲಿ ಪ್ರಾತ್ಯಕ್ಷಿಕೆ ಸಮೇತ ತೋರಿಸಿಕೊಟ್ಟರು.

ಆಶಾ ಕಾರ್ಯಕರ್ತೆಯರ ಮೇಲಿನ ವಾತ್ಸಲ್ಯವನ್ನು ಎಷ್ಟು ಬಣ್ಣಿಸಿದರೂ ಕಡಿಮೆ. 2025ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಲು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದಾಗ, ಸರ್ಕಾರದವರು ಮೊದಲ ದಿನವೇ ಹೂಂ ಎಂದು ಕಳಿಸದೆ, ಚಳಿಯ ರಾತ್ರಿಗಳನ್ನು ಅಲ್ಲೇ ಬಯಲಲ್ಲಿ ಕಳೆಯಗೊಟ್ಟರು. ವಾಯುಸೇವನೆಯಿಂದ ಮನಸ್ಸು ಹಗುರಾಗುತ್ತದೆಂಬ ತತ್ವವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದ ಉದಾರಿಗಳು ಬೇರೆಲ್ಲಿದ್ದಾರೆ?

ಆದಕಾರಣ ಸಮಸ್ತ ಸಿಬ್ಬಂದಿಯಲ್ಲಿ ನಮ್ಮ ಸವಿನಯ ಪ್ರಾರ್ಥನೆ: ಒತ್ತಡ ನಿವಾರಣೆಯ ಮುಂದಿನ ಶಿಬಿರಕ್ಕೆ, ನೈಟ್ ಡ್ಯೂಟಿ ಮುಗಿಸಿದವರು ಮನೆಗೆ ಹೋಗದೆ ನೇರವಾಗಿ ಬರಬೇಕು. ವಾರದ ರಜೆಯನ್ನು ಅದಕ್ಕೇ ಹೊಂದಿಸಲಾಗುವುದು. ಗೈರಾದವರಿಗೆ ನೋಟಿಸು ಬರುತ್ತದೆ. ಚಾಪೆ ತಾವೇ ತರತಕ್ಕದ್ದು.